ನಾಲ್ಕನೆಯ ಸುಧಾರಣೆ

ನಾನು ಏನು ಕೆಲಸ ಮಾಡುತ್ತೇನೆಂದು ನನ್ನ ಅತ್ತೆಗೆ ವಿವರಿಸಲು ನನಗೆ ಹನ್ನೊಂದು ವರ್ಷ ಹಿಡಿಯಿತು. ಮದುವೆಯ ಮಾತುಕತೆಯ ದಿನ ‘ಹುಡುಗ ಕತಾರಿನಲ್ಲಿ ಕಂಪ್ಯೂಟರಿನಲ್ಲಿದ್ದಾನೆ’ ಎಂದಷ್ಟೇ ಅವರಿಗೆ ಹೇಳಲಾಗಿತ್ತು. ಕಂಪ್ಯೂಟರಿನ ಒಳಗೋ ಹೊರಗೋ ಎಂದು ಅವರೂ ಕೇಳಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಈ ವರ್ಷ ಅವರು ಮೂರು ತಿಂಗಳಿಗೆಂದು ದೋಹಾಕ್ಕೆ ಬಂದರು. ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಬಸಳೆ ಸೋಸುತ್ತ ಕುಳಿತಿದ್ದಾಗ ಒಂದು ದಿನ ನೇರವಾಗಿಯೇ ಕೇಳಿಬಿಟ್ಟರು.

“ಅತ್ತೆ, ನಮ್ಮದು ನಾಲ್ಕು ಕ್ಲಿನಿಕ್ ಇರುವ ಕಂಪನಿ. ಡೇಟಾಬೇಸ್ ಅಂದರೆ ಅಲ್ಲಿನ ದೊಡ್ಡ ರಿಜಿಸ್ಟರ್ ಪುಸ್ತಕ ಇದ್ದ ಹಾಗೆ. ಆ ಪುಸ್ತಕ ಕಾಯಲಿಕ್ಕೆ ಒಂದು ಸಾಫ್ಟ್‌ವೇರ್ ಉಂಟು. ಪುಸ್ತಕಕ್ಕೆ ಏನಾದರೂ ಆದರೆ ಅದು ಕೂಗುತ್ತದೆ. ಕೂಗಿದಾಗ ಹೋಗಿ ನೋಡುವವನು ನಾನು” ಎಂದೆ.

ಅತ್ತೆ ಬಸಳೆಯ ದಂಟು ಮುರಿದು ಕೇಳಿದರು: “ಅದು ಕೂಗಿದಾಗ ನೀವು ಹೋಗ್ತೀರೋ ಇಲ್ಲವೋ ಅಂತ ನೋಡುವವರು ಯಾರು?”

“ಯಾರೂ ಇಲ್ಲ.”

“ಹಾಗಾದರೆ ಒಳ್ಳೆ ಕೆಲಸವೇ ಸಿಕ್ಕಿದೆ ನಿಮಗೆ” ಎಂದರು. ಅತ್ತೆ ಸುರತ್ಕಲ್ಲಿನ ಹತ್ತಿರ ಇಪ್ಪತ್ತೆಂಟು ವರ್ಷ ಅಂಗನವಾಡಿ ಟೀಚರ್ ಆಗಿದ್ದವರು. ಪ್ರಶ್ನೆಯನ್ನು ಮೆತ್ತಗೆ ಕೇಳಿ ಉತ್ತರವನ್ನು ಕಿವಿ ಹಿಡಿದು ಹೊರಗೆಳೆಯುವ ಅಭ್ಯಾಸ ಅವರಿಗೆ ಇನ್ನೂ ಹೋಗಿಲ್ಲ.

ಡೇಟಾಬೇಸಿಗೆ ಕನ್ನಡದಲ್ಲಿ ‘ದತ್ತಸಂಚಯ’ ಎಂದು ಹೇಳಬೇಕಂತೆ. ಅಷ್ಟು ಹೇಳಿ ಮುಗಿಸುವುದರೊಳಗೆ ಇಲ್ಲಿ ಒಂದು ಸರ್ವರ್ ಕೆಟ್ಟು ರಿಪೇರಿಯೂ ಆಗಿರುತ್ತದೆ. ನಮ್ಮ ಹಿಂದಿನವರಲ್ಲಿ ಇದಕ್ಕಿಂತ ಚಂದದ ಪದವೊಂದಿತ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಚಿ, ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಅದೇ ಕಡತ. ಕಡತದ ದೊಡ್ಡ ಗುಣವೆಂದರೆ ಅದು ಬಾಯಿಬಿಡುತ್ತಿರಲಿಲ್ಲ. ಇಲಿ ತಿಂದರೆ ಸುಮ್ಮನೆ ತಿನ್ನಿಸಿಕೊಳ್ಳುತ್ತಿತ್ತು. ನಮ್ಮ ಸಾಫ್ಟ್‌ವೇರ್ ಹಾಗಲ್ಲ. ಇಲಿ ಬಂದರೂ ಕೂಗುತ್ತದೆ, ಇಲಿಯ ನೆರಳು ಬಂದರೂ ಕೂಗುತ್ತದೆ, ‘ಇಂದು ಇಲಿ ಬರಲಿಲ್ಲ’ ಎಂದೂ ಕೂಗುತ್ತದೆ.

ಮೂರು ವರ್ಷದ ಹಿಂದೆ ಅದನ್ನು ತಂದು ಕೂರಿಸಿದ ಮೊದಲ ವಾರ ನನ್ನ ಫೋನು ಮೇಜಿನ ಮೇಲೆ ಅಂಗಾತ ಬಿದ್ದ ಜೀರುಂಡೆಯಂತೆ ಗುಂಯ್‌ಗುಡುತ್ತ ತಿರುಗುತ್ತಿತ್ತು. ಡಿಸ್ಕಿನಲ್ಲಿ ಶೇಕಡಾ ಎಪ್ಪತ್ತು ಭಾಗ ತುಂಬಿದೆ ಎಂದು ಒಂದು ಎಚ್ಚರಿಕೆ. ನೋಡಲು ಹೊರಟರೆ, ಎಪ್ಪತ್ತೊಂದು ಆಯಿತು ಎಂದು ಇನ್ನೊಂದು. ಎರಡನೆಯ ವಾರದಲ್ಲಿ ಪ್ರತಿ ಎಚ್ಚರಿಕೆಯ ಪಕ್ಕದಲ್ಲಿದ್ದ ಗಂಟೆಯ ಚಿತ್ರ ನನ್ನ ಕಣ್ಣಿಗೆ ಬಿತ್ತು. ಗಂಟೆಯ ಮೇಲೆ ಅಡ್ಡಗೆರೆ. ಅದನ್ನು ಒತ್ತಿದರೆ ಆ ಒಂದು ಎಚ್ಚರಿಕೆಯ ಬಾಯಿ ಮುಚ್ಚುತ್ತದೆ. ಒಂದು ತಾಸು ಮುಚ್ಚಬೇಕೇ, ಒಂದು ದಿನವೇ, ಅಥವಾ ‘ಮುಂದಿನ ಸೂಚನೆಯವರೆಗೆ’ಯೇ ಎಂದು ಕೇಳುತ್ತದೆ. ನಾನು ಉದಾರಿ. ಮುಂದಿನ ಸೂಚನೆಯವರೆಗೆ ಎಂದು ಒತ್ತುತ್ತ ಹೋದೆ. ಆ ಮುಂದಿನ ಸೂಚನೆ ಕೊಡಬೇಕಾದವನೂ ನಾನೇ ಎಂಬುದನ್ನು ಮರೆತೆ. ಮನೆಯಲ್ಲಿ ಸಂಬಂಧಿಕರ ವಾಟ್ಸಾಪ್ ಗುಂಪಿಗೂ ಇದೇ ಉಪಚಾರ ಮಾಡಿದ್ದೆನಾದ್ದರಿಂದ ಕೈ ಪಳಗಿತ್ತು.

ಇಷ್ಟು ಆದ ಮೇಲೆ ಆಫೀಸಿನಲ್ಲಿ ನನ್ನ ಪರದೆ ಯಾವಾಗಲೂ ಹಸಿರು. ‘ಕೋಟ್ಯಾನ್ ಬಂದ ಮೇಲೆ ಎಲ್ಲ ಶಾಂತವಾಗಿದೆ’ ಎಂದು ನಮ್ಮ ಮ್ಯಾನೇಜರ್ ಸಮೀರ್ ಸಾಹೇಬರು, ಈಜಿಪ್ಟಿನವರು, ಮೇಲಿನವರಿಗೆ ಬರೆದರು. ನಾನು, ಅಂದರೆ ಕೋಟ್ಯಾನ್, ಅದನ್ನು ವಿನಯದಿಂದ ಒಪ್ಪಿಕೊಂಡೆ.

ಈಗ ಎರಡು ತಿಂಗಳ ಹಿಂದಿನ ಒಂದು ಭಾನುವಾರ, ಇಲ್ಲಿ ಕೆಲಸದ ವಾರ ಶುರುವಾಗುವುದೇ ಅಂದು, ಸಮೀರ್ ಸಾಹೇಬರು ನನ್ನ ಮುಂದೆ ಎರಡು ಹಾಳೆ ಇಟ್ಟರು. ಸಾಫ್ಟ್‌ವೇರ್ ಮಾಡುವವರು ಕಳಿಸಿದ್ದು. ಮುಂದಿನ ಆವೃತ್ತಿಯಲ್ಲಿ ಬರಲಿರುವ ಸುಧಾರಣೆಗಳ ಪಟ್ಟಿ.

“ಯಲ್ಲಾ, ತಯಾರಾಗಿ ಕೋಟ್ಯಾನ್, ಮುಂದಿನ ಭಾನುವಾರ ಮೀಟಿಂಗಿನಲ್ಲಿ ಎಲ್ಲರಿಗೂ ಇದನ್ನು ವಿವರಿಸಿ. ನಿಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?”

ಸುಧಾರಣೆ ಎಂಬ ಪದದ ಬಗ್ಗೆ ನನಗೆ ಮೊದಲಿನಿಂದಲೂ ಒಲವು. ನಮ್ಮ ಕಡೆ ಬಿಸಿಲಿನಲ್ಲಿ ನಡೆದು ಬಂದವರಿಗೆ ‘ಕೂತು ಸ್ವಲ್ಪ ಸುಧಾರಿಸಿಕೊಳ್ಳಿ’ ಎನ್ನುತ್ತೇವೆ. ದೋಹಾದ ಜೂನ್ ತಿಂಗಳಿನಲ್ಲಿ ಬಸ್‌ಸ್ಟಾಪಿನಿಂದ ಆಫೀಸಿಗೆ ಬಂದು ಏಸಿಯ ಕೆಳಗೆ ಕುಳಿತವನಿಗೆ ಸುಧಾರಣೆಯೆಂದರೆ ಮುಖ್ಯವಾಗಿ ಅಲ್ಲಾಡದಿರುವುದು. ಹೀಗೆ ಕುಳಿತು ಪಟ್ಟಿ ಓದತೊಡಗಿದೆ.

ಒಂದನೆಯದು: ಡಿಸ್ಕ್ ತುಂಬುವ ಮೊದಲೇ, ಇನ್ನೆಷ್ಟು ದಿನದಲ್ಲಿ ತುಂಬೀತು ಎಂದು ಹೇಳುವುದು. ಒಳ್ಳೆಯದೇ. ಎರಡನೆಯದು: ಒಂದೇ ಕಾರಣಕ್ಕೆ ನೂರು ಎಚ್ಚರಿಕೆ ಬಂದರೆ ಅವನ್ನೆಲ್ಲ ಸೇರಿಸಿ ಒಂದೇ ಮಾಡುವುದು. ಇದು ಮೂರು ವರ್ಷ ಮೊದಲೇ ಬಂದಿದ್ದರೆ ನಾನು ಸಜ್ಜನನಾಗಿಯೇ ಉಳಿಯುತ್ತಿದ್ದೆ. ಮೂರನೆಯದು: ತೊಂದರೆಯನ್ನು ಸರಳ ಭಾಷೆಯಲ್ಲಿ ವಿವರಿಸುವುದು. ನಾಲ್ಕನೆಯದು: ಬಾಯಿ ಮುಚ್ಚಿಸಿರುವ ಎಲ್ಲ ಎಚ್ಚರಿಕೆಗಳ ವರದಿ. ಯಾರು ಮುಚ್ಚಿಸಿದರು, ಯಾವಾಗ, ಏನು ಕಾರಣ ಕೊಟ್ಟು, ಎಂಬುದು ಪ್ರತಿ ವಾರವೂ ಮೇಲಧಿಕಾರಿಗೆ ತಾನಾಗಿಯೇ ಹೋಗುವುದು. ಹಳೆಯದೂ ಸೇರಿ. ಈಗ ತೆರೆದುಬಿಟ್ಟರೂ, ಹಿಂದೆ ಮುಚ್ಚಿಸಿದ್ದ ದಾಖಲೆ ಉಳಿಯುವುದು.

ಏಸಿಯ ಕೆಳಗೆ ನನಗೆ ಬೆವರು ಬಂತು.

ಬಾಯಿ ಮುಚ್ಚಿಸಿದವುಗಳ ಪಟ್ಟಿಯನ್ನು ಅಂದೇ ತೆರೆದೆ. ಅರುವತ್ತೊಂದು. ಅರುವತ್ತೊಂದರ ಮುಂದೆಯೂ ನನ್ನದೇ ಹೆಸರು. ಕಾರಣ ಬರೆಯದಿದ್ದರೆ ಸಾಫ್ಟ್‌ವೇರ್ ಬಿಡುವುದಿಲ್ಲವಾದ್ದರಿಂದ ಕಾರಣಗಳೂ ಇದ್ದವು. ‘ಆಮೇಲೆ ನೋಡುವ’ ಎಂದು ಹದಿನೇಳು ಕಡೆ. ‘ಊಟದ ನಂತರ’ ಎಂದು ಒಂದು ಕಡೆ. ಅದು ಎರಡು ವರ್ಷದ ಹಿಂದಿನ ಊಟ. ಒಂದು ಕಡೆ ಬರೀ ಚುಕ್ಕೆ. ಮತ್ತೊಂದು ಕಡೆ ‘ಅಯ್ಯೋ’. ನನ್ನ ಸಮಗ್ರ ಬರವಣಿಗೆಯಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಬೇರೆ ಇಲ್ಲ.

ಒಂದೊಂದಾಗಿ ತೆರೆದು, ಸರಿಮಾಡಿ, ಮುಂದೆ ಹೋದೆ. ಹೆಚ್ಚಿನವು ನಿಜಕ್ಕೂ ಕ್ಷುಲ್ಲಕ. ಬುಧವಾರದ ಹೊತ್ತಿಗೆ ನಲವತ್ತು ಮುಗಿದು, ನನ್ನ ಮೇಲೆ ನನಗೇ ಸ್ವಲ್ಪ ಪ್ರೀತಿ ಹುಟ್ಟಿತ್ತು. ಆಗ ನಲವತ್ತೊಂದನೆಯದು ಬಂತು: ‘ನಜ್ಮಾ, ಲಸಿಕೆ ವಿಭಾಗ. ಬ್ಯಾಕಪ್ ಆಗಿಲ್ಲ.’ ಬ್ಯಾಕಪ್ ಎಂದರೆ ಪುಸ್ತಕದ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡುವುದು. ಪುಸ್ತಕ ಹೋದರೆ ಪ್ರತಿ ಇರಬೇಕಲ್ಲ, ಅದಕ್ಕೆ. ನಜ್ಮಾ ಬಡಾವಣೆಯ ನಮ್ಮ ಕ್ಲಿನಿಕ್ಕಿನಲ್ಲಿ ಮಕ್ಕಳಿಗೆ ಹಾಕಿದ ಲಸಿಕೆಗಳೆಲ್ಲ ಆ ಪುಸ್ತಕದಲ್ಲಿದ್ದವು. ಪ್ರತಿ ಇಡುತ್ತಿದ್ದ ಜಾಗವನ್ನು ಹದಿನಾಲ್ಕು ತಿಂಗಳ ಹಿಂದೆ ನಾವೇ ಬದಲಾಯಿಸಿ, ಹಳೆಯ ಜಾಗದಲ್ಲಿದ್ದುದನ್ನು ಅಳಿಸಿದ್ದೆವು. ಹೊಸ ಜಾಗದ ವಿಳಾಸವನ್ನು ಆ ಪುಸ್ತಕಕ್ಕೆ ಹೇಳಬೇಕಾದವನು ಹೇಳಿರಲಿಲ್ಲ. ಅದು ಹದಿನಾಲ್ಕು ತಿಂಗಳು ದಿನಾ ಕೂಗಿತ್ತು. ಕಾರಣದ ಜಾಗದಲ್ಲಿ ನಾನು ಬರೆದಿದ್ದೆ: ‘ಗೊತ್ತುಂಟು’.

ಗುರುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ವಿಳಾಸ ಸರಿಮಾಡಿ, ಪ್ರತಿ ತೆಗೆಯಲು ಶುರುಮಾಡಿದೆ. ಮುಕ್ಕಾಲು ಗಂಟೆಯಲ್ಲಿ ಮುಗಿಯಬೇಕು. ಮುಗಿದರೆ ಯಾರಿಗೂ ತಿಳಿಯುವುದಿಲ್ಲ. ಅರ್ಧ ದಾಟಿದ ಮೇಲೆ ಅದು ನಿಂತಿತು. ಮತ್ತೆ ಶುರುಮಾಡಿದೆ, ಅದೇ ಜಾಗದಲ್ಲಿ ನಿಂತಿತು. ಡಿಸ್ಕ್ ಹಳೆಯದು, ಆ ಭಾಗ ಕೆಟ್ಟಿತ್ತು. ಓದಲು ಬರುತ್ತಿರಲಿಲ್ಲ. ಉಳಿದ ಭಾಗವೂ ಯಾವಾಗ ಹೋಗುತ್ತದೆಂದು ಹೇಳಲಾಗದು.

ನಜ್ಮಾದ ಲಸಿಕೆ ವಿಭಾಗವನ್ನು ನೋಡಿಕೊಳ್ಳುವವರು ಹಮೀದಾಕ, ಅಂದರೆ ಹಮೀದಣ್ಣ. ವಿಟ್ಲದ ಕಡೆಯವರು, ದೋಹಾಕ್ಕೆ ಬಂದು ಇಪ್ಪತ್ತೈದು ವರ್ಷವಾಯಿತು. ಫೋನ್ ಮಾಡಿದೆ.

“ಹಮೀದಾಕ, ಕಂಪ್ಯೂಟರಿನಲ್ಲಿ ಏನೂ ಬರೀಬೇಡಿ. ಇವತ್ತಿನದ್ದು ಕಾಗದದಲ್ಲಿ ಬರ್ಕೊಳ್ಳಿ.”

“ಎಂತಾಯ್ತು ಕೋಟ್ಯಾನ್ರೇ?”

“ಡಿಸ್ಕ್ ಹೋಗಿದೆ.”

“ಹೋದ್ರೆ ಎಂತ, ನಿಮ್ಮತ್ರ ಕಾಪಿ ಉಂಟಲ್ಲ” ಎಂದು ಹಮೀದಾಕ ನಿಶ್ಚಿಂತೆಯಿಂದ ಫೋನಿಟ್ಟರು. ಇಷ್ಟು ನಂಬಿಕೆ ನನ್ನ ಹೆಂಡತಿಗೂ ನನ್ನ ಮೇಲೆ ಇಲ್ಲ.

ಆ ದಿನ ಸಂಜೆಯವರೆಗೆ, ಕೆಟ್ಟ ಜಾಗವನ್ನು ಸುತ್ತುಬಳಸಿ, ಉಳಿದದ್ದನ್ನು ಚೂರುಚೂರಾಗಿ ಹೊಸ ಡಿಸ್ಕಿಗೆ ಸಾಗಿಸಿದೆ. ಸಾವಿರಾರು ಮಕ್ಕಳ ದಾಖಲೆ ಸಿಕ್ಕಿತು. ಇಪ್ಪತ್ಮೂರು ಮಕ್ಕಳದ್ದು ಸಿಗಲಿಲ್ಲ. ಹೆಸರು, ಫೋನ್ ನಂಬರು ಬೇರೆ ಕಡೆ ಇದ್ದುದರಿಂದ ಉಳಿದವು. ಯಾವ ಲಸಿಕೆ ಯಾವ ದಿನ ಹಾಕಿದ್ದು ಎಂಬುದು ಮಾತ್ರ ಇಲ್ಲ. ಸಮೀರ್ ಸಾಹೇಬರಿಗೆ ಹೇಳಿದೆ. ಹೇಗೆ ಹೇಳಿದೆನೆಂದರೆ, “ಸರ್, ನಜ್ಮಾದ ಡಿಸ್ಕ್ ಕೆಟ್ಟಿದೆ, ಹೆಚ್ಚುಕಡಿಮೆ ಎಲ್ಲವನ್ನೂ ಉಳಿಸಿದ್ದೇನೆ” ಎಂದು. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ, ನೋಡಿ. ಡಿಸ್ಕ್ ಕೆಟ್ಟರೆ ಅದು ಯಾರ ತಪ್ಪೂ ಅಲ್ಲ.

“ಬ್ರಾವೋ ಕೋಟ್ಯಾನ್! ನೀವು ಗಮನಿಸದೆ ಇದ್ದಿದ್ದರೆ ಎಲ್ಲ ಖಲಾಸ್ ಆಗುತ್ತಿತ್ತು” ಎಂದು ಅವರು ನನ್ನ ಬೆನ್ನು ತಟ್ಟಿದರು. ಬೆನ್ನು ತಟ್ಟಿಸಿಕೊಳ್ಳುವಾಗ ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ವಿನಯವೆಂದು ಅವರು ಭಾವಿಸಿದರು.

ಮನೆಗೆ ಬಂದಾಗ ಹೆಂಡತಿ ಶಶಿಕಲಾ, “ಎಂತ, ಮುಖ ಹೀಗೆ?” ಎಂದಳು. ಆಫೀಸಿನಲ್ಲಿ ಹೊಗಳಿದರು ಎಂದೆ. ಅವಳು ನಂಬಲಿಲ್ಲ. ಊಟಕ್ಕೆ ಕುಳಿತಾಗ ಬಾಯಿಬಿಟ್ಟೆ. ಅತ್ತೆ ಅನ್ನ ಬಡಿಸುತ್ತಿದ್ದವರು ಸೌಟು ಹಿಡಿದು ನಿಂತರು.

“ಮಕ್ಕಳ ಇಂಜೆಕ್ಷನ್ ಪುಸ್ತಕವಾ?”

“ಹೌದು.”

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಕುಳಿತುಕೊಂಡು ತಮ್ಮದನ್ನು ಹೇಳಿದರು. “ನನ್ನ ಪುಸ್ತಕ ಒಂದು ಸಲ ಗೆದ್ದಲು ತಿಂದಿತ್ತು. ಕಪಾಟಿನಲ್ಲಿ ಇಟ್ಟು ರಜೆಗೆ ಹೋಗಿದ್ದೆ. ಬಂದು ನೋಡಿದರೆ ರಟ್ಟು ಮಾತ್ರ ಉಂಟು. ಮೇಲಿನವರಿಗೆ ಹೇಳಲಿಕ್ಕೆ ಹೆದರಿಕೆ. ನಾಲ್ಕು ದಿನ ಮನೆಮನೆಗೆ ಹೋದೆ. ತಾಯಂದಿರ ಹತ್ತಿರ ಕಾರ್ಡ್ ಇರ್ತದಲ್ಲ, ಅದನ್ನು ನೋಡಿ ಹೊಸ ಪುಸ್ತಕ ಬರೆದೆ.”

“ತಾಯಂದಿರು ಏನೂ ಕೇಳಲಿಲ್ಲವಾ?”

“ಕೇಳದೆ ಇರ್ತಾರಾ? ಒಬ್ಬಳು ನನ್ನನ್ನು ಜಗಲಿಯಲ್ಲಿ ನಿಲ್ಲಿಸಿಯೇ ಬೈದಳು. ಬೈದು, ಮತ್ತೆ ಮಜ್ಜಿಗೆ ಕೊಟ್ಟಳು.” ಸೌಟನ್ನು ಮತ್ತೆ ಕೈಗೆತ್ತಿಕೊಂಡು, “ಇಪ್ಪತ್ಮೂರೇ ಅಲ್ವಾ ನಿಮ್ಮದು? ನಡೀಲಿಕ್ಕೂ ಇಲ್ಲ, ಫೋನ್ ಉಂಟು” ಎಂದರು.

ಶುಕ್ರವಾರ ಕ್ಲಿನಿಕ್ ರಜೆ. ಶನಿವಾರ ಬೆಳಿಗ್ಗೆ ನಜ್ಮಾಕ್ಕೆ ಹೋಗಿ ಹಮೀದಾಕನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡೆ. ಇಪ್ಪತ್ಮೂರು ಹೆಸರನ್ನು ಅರ್ಧರ್ಧ ಮಾಡಿಕೊಂಡೆವು. ಮೊದಲ ಫೋನು ನನ್ನದು, ಮಲಯಾಳಿ ತಾಯಿಗೆ. ನನ್ನ ಹರಕು ಮಲಯಾಳದಲ್ಲಿ, “ಚೇಚಿ, ಸಿಸ್ಟಮ್ ಅಪ್‌ಡೇಟ್ ನಡೆಯುತ್ತಿದೆ, ಮಗುವಿನ ಕಾರ್ಡ್ ನೋಡಿ ತಾರೀಕು ಹೇಳುತ್ತೀರಾ?” ಎಂದು ಕೇಳಿದೆ. ಹೇಳಿದರು. ಫೋನಿಟ್ಟಾಗ ಹಮೀದಾಕ ನನ್ನನ್ನೇ ನೋಡುತ್ತಿದ್ದರು.

“ಅಪ್‌ಡೇಟಾ?”

ನಾನು ಹಾಳೆಯ ಮೇಲೆ ತಾರೀಕು ಬರೆಯುವುದರಲ್ಲಿ ಮಗ್ನನಾದೆ.

“ಕೋಟ್ಯಾನ್ರೇ, ಕಾಪಿ ಇರ್ಲಿಲ್ಲ ಅಲ್ವಾ?”

“ಇರ್ಲಿಲ್ಲ.”

“ಎಷ್ಟು ಸಮಯದಿಂದ?”

“ಹದಿನಾಲ್ಕು ತಿಂಗಳು. ಅದು ಹೇಳ್ತಾ ಇತ್ತು ಹಮೀದಾಕ. ನಾನೇ ಬಾಯಿ ಮುಚ್ಚಿಸಿದ್ದು.”

ಹಮೀದಾಕ ಎದ್ದು ನೀರು ಕುಡಿದು ಬಂದರು. ಅಷ್ಟು ಹೊತ್ತು ಅವರು ಏನು ಯೋಚಿಸಿದರೋ. “ನೋಡಿ,” ಎಂದರು, “ನಾನು ಈ ತಾಯಂದಿರಿಗೆ ದಿನಾ ಮುಖ ತೋರಿಸ್ಬೇಕು. ಅಪ್‌ಡೇಟ್ ಗಿಪ್ಡೇಟ್ ಅಂತ ಹೇಳ್ಬೇಡಿ. ನಮ್ಮಲ್ಲಿ ತಪ್ಪಾಗಿದೆ, ನಿಮ್ಮ ಮಗುವಿನ ದಾಖಲೆ ಹೋಗಿದೆ, ಅಂತ ಹೇಳಿ. ಬೈದ್ರೆ ಬೈಲಿ. ಬೈಗುಳ ಕೇಳಿ ಯಾರೂ ಸತ್ತದ್ದಿಲ್ಲ.”

ಎರಡನೆಯ ಫೋನಿನಿಂದ ಹಾಗೆಯೇ ಹೇಳಿದೆ. ಮೊದಲ ಸಲ ಆ ವಾಕ್ಯವನ್ನು ಹಾಳೆಯ ಮೇಲೆ ಬರೆದುಕೊಂಡು ಓದಿದೆ. ಐದನೆಯದರ ಹೊತ್ತಿಗೆ ಸಲೀಸಾಯಿತು, ಅದೂ ಒಂದು ಹೆದರಿಕೆಯ ವಿಷಯವೇ. ನೇಪಾಳದ ತಂದೆಯೊಬ್ಬ ಡ್ಯೂಟಿಯಲ್ಲಿದ್ದೇನೆಂದು ಹೇಳಿ, ಹೆಂಡತಿಯನ್ನು ಕೇಳಿ ಹತ್ತೇ ನಿಮಿಷದಲ್ಲಿ ತಿರುಗಿ ಫೋನ್ ಮಾಡಿದ. ಸುಡಾನಿನ ಅಜ್ಜಿಯೊಬ್ಬರು ಅರಬ್ಬಿಯಲ್ಲಿ ಏನೇನೋ ಹೇಳಿದರು. ಹಮೀದಾಕ ಫೋನ್ ತೆಗೆದುಕೊಂಡು ಮಾತಾಡಿ, “ನಿಮಗೆ ಮದುವೆಯಾಗಿದೆಯಾ ಅಂತ ಕೇಳ್ತಿದ್ದಾರೆ” ಎಂದರು. ಫಿಲಿಪೀನ್ಸಿನ ತಾಯಿಯೊಬ್ಬಳು ಕಾರ್ಡಿನ ಫೋಟೋ ಕಳಿಸಿದಳು. ಅವಳ ಮಗಳು ಅದರ ಮೇಲೆ ನೇರಳೆ ಪೆನ್ಸಿಲಿನಲ್ಲಿ ಬೆಕ್ಕು ಬರೆದಿದ್ದಳು. ಬೆಕ್ಕಿನ ಹೊಟ್ಟೆಯ ಕೆಳಗೆ ಇದ್ದದ್ದು ಮೂರೋ ಎಂಟೋ ತಿಳಿಯದೆ ನಾನೂ ಹಮೀದಾಕನೂ ಕನ್ನಡಕ ತೆಗೆದು ಹಾಕಿ, ಹಾಕಿ ತೆಗೆದು ನೋಡಿದೆವು. ಕೊನೆಗೆ ಆ ಮಗುವನ್ನೇ ಫೋನಿಗೆ ಕರೆಸಿ ಕೇಳಿದಾಗ, “ಅದು ಬೆಕ್ಕು” ಎಂದು ಖಚಿತವಾಗಿ ಹೇಳಿತು. ತಾಯಿ ರಬ್ಬರಿನಲ್ಲಿ ಬೆಕ್ಕನ್ನು ಉಜ್ಜಿ ಇನ್ನೊಂದು ಫೋಟೋ ಕಳಿಸಿದಳು. ಎಂಟು.

ಬೈದವರೂ ಇದ್ದರು. ಮಂಗಳೂರಿನ ಹುಡುಗಿಯೇ ಒಬ್ಬಳು, ನನ್ನ ಕನ್ನಡದ ಗುರುತು ಹಿಡಿದು, “ನಮ್ಮೂರಿನವರು ಅಂತ ಬೇರೆ ಹೇಳ್ತೀರಿ! ಜ್ವರ ಬಂದ ದಿನ ನಾನು ನಿಮ್ಮನ್ನು ನಂಬಿ ಮಗುವನ್ನು ಕರ್ಕೊಂಡು ಬಂದದ್ದು, ಗೊತ್ತುಂಟಾ?” ಎಂದಳು. ಎಚ್ಚರಿಕೆಯ ಕಾರಣದ ಜಾಗದಲ್ಲಿ ನಾನು ಬರೆದಿದ್ದ ಪದವೂ ಅದೇ, ‘ಗೊತ್ತುಂಟು’. ಕ್ಷಮೆ ಕೇಳಿ, ಅವಳು ಹೇಳಿದ ತಾರೀಕುಗಳನ್ನು ಬರೆದುಕೊಂಡೆ. ಮಧ್ಯಾಹ್ನ ಮೂರಕ್ಕೆ ಇಪ್ಪತ್ಮೂರೂ ಭರ್ತಿಯಾಯಿತು. ಹಮೀದಾಕ ಎರಡೆರಡು ಸಲ ತಾಳೆ ನೋಡಿದರು.

ಭಾನುವಾರ ಮೀಟಿಂಗು. ಸಮೀರ್ ಸಾಹೇಬರು ಎಲ್ಲರ ಮುಂದೆ ನನ್ನನ್ನು ಇನ್ನೊಮ್ಮೆ ಹೊಗಳಿದ ಮೇಲೆ ನಾನು ಎದ್ದು ನಿಂತು ಸುಧಾರಣೆಗಳನ್ನು ವಿವರಿಸತೊಡಗಿದೆ. ಮೂರನೆಯದರವರೆಗೆ ನಿರರ್ಗಳ. ನಾಲ್ಕನೆಯದು ಪರದೆಗೆ ಬಂದಾಗ, “ಸರ್, ಇದನ್ನು ನಿಮ್ಮ ರೂಮಿನಲ್ಲಿ ವಿವರಿಸುತ್ತೇನೆ” ಎಂದೆ. ಯಾವುದೋ ಗುಟ್ಟಿನ ವಿಷಯವೆಂದು ಎಲ್ಲರೂ ಗಂಭೀರರಾದರು.

ರೂಮಿನಲ್ಲಿ ಎಲ್ಲ ಹೇಳಿದೆ. ಅರುವತ್ತೊಂದು, ಹದಿನಾಲ್ಕು ತಿಂಗಳು, ಇಪ್ಪತ್ಮೂರು. ಅವರು ಮೇಜಿನ ಮೇಲಿನ ತಸ್ಬಿಯ ಜಪಮಣಿಗಳನ್ನು ಒಂದೊಂದಾಗಿ ಸರಿಸುತ್ತ ಕೇಳಿದರು.

“ಗುರುವಾರವೇ ಯಾಕೆ ಹೇಳಲಿಲ್ಲ?”

“ನೀವು ಹೊಗಳಿದಿರಿ ಸರ್.”

ಅವರಿಗೆ ನಗು ಬಂತೋ ಸಿಟ್ಟು ಬಂತೋ ಇಂದಿಗೂ ನನಗೆ ತಿಳಿದಿಲ್ಲ. ಎಚ್ಚರಿಕೆಯ ಪತ್ರವೊಂದು ನನ್ನ ಫೈಲಿಗೆ ಸೇರಿತು. ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿಸಲಾಗದ ಎಚ್ಚರಿಕೆ. ಜೊತೆಗೆ ಒಂದು ಆಜ್ಞೆ: “ಹೊಸ ಆವೃತ್ತಿ ಬರುವವರೆಗೆ ಆ ನಾಲ್ಕನೆಯ ವರದಿಯನ್ನು ಪ್ರತಿ ಭಾನುವಾರ ನೀವೇ ತಯಾರಿಸಿ ನನ್ನ ಮೇಜಿನ ಮೇಲಿಡಿ.”

ಇಟ್ಟೆ. ಮೂರು ಭಾನುವಾರ ಇಟ್ಟೆ. ಮೂರನೆಯ ವಾರ ಸಾಫ್ಟ್‌ವೇರಿನವರಿಂದ ಪತ್ರ ಬಂತು. ಬಳಕೆದಾರರ ಸಲಹೆಗಳನ್ನು ಪರಿಶೀಲಿಸಿ, ನಾಲ್ಕನೆಯ ಸುಧಾರಣೆಯನ್ನು ಸದ್ಯಕ್ಕೆ ಕೈಬಿಡಲಾಗಿದೆಯಂತೆ. ಯಾವ ಬಳಕೆದಾರರು ಏನು ಸಲಹೆ ಕೊಟ್ಟಿರಬಹುದೆಂದು ಊಹಿಸಬಲ್ಲೆ. ಪ್ರಪಂಚದ ಎಲ್ಲ ಕಡೆಯೂ ನನ್ನಂಥವರು ಗಂಟೆಯ ಮೇಲೆ ಗೆರೆ ಎಳೆಯುತ್ತ ಕುಳಿತಿದ್ದಾರೆ. ಅವರು ಒಗ್ಗಟ್ಟಾಗಿ ಪತ್ರ ಬರೆಯುತ್ತಿದ್ದ ಹೊತ್ತಿನಲ್ಲಿ ನಾನೊಬ್ಬ ಹೋಗಿ ತಪ್ಪೊಪ್ಪಿಕೊಂಡು ಬಂದಿದ್ದೆ. ಈಗ ಈ ಭೂಮಿಯ ಮೇಲೆ ಆ ಸುಧಾರಣೆ ಜಾರಿಯಲ್ಲಿರುವುದು ಒಂದೇ ಕಡೆ, ಅದನ್ನು ನಡೆಸುವ ಯಂತ್ರ ನಾನು.

ಅಂದು ಸಂಜೆ ನಜ್ಮಾದ ಕೆಫೆಟೇರಿಯಾವೊಂದರ ಎದುರು ಹಮೀದಾಕನ ಜೊತೆ ನಿಂತು ಕರಕ್ ಚಾ ಕುಡಿಯುವಾಗ ಈ ಕತೆ ಹೇಳಿದೆ. ಅವರು ಕೈಯಲ್ಲಿದ್ದ ಕಪ್ ಅಲ್ಲಾಡುವಷ್ಟು ನಕ್ಕರು. ನಗು ನಿಂತ ಮೇಲೆ ಕಣ್ಣು ಒರೆಸಿಕೊಳ್ಳುತ್ತ, “ಅಲ್ಲ ಕೋಟ್ಯಾನ್ರೇ, ಈ ಕಾಗದ ಒಂದು ತಿಂಗಳು ಮೊದಲೇ ಬಂದಿದ್ರೆ, ಸಾಹೇಬ್ರಿಗೆ ಹೇಳ್ತಿದ್ರಾ ನೀವು?” ಎಂದರು.

“ಹೇಳ್ತಿದ್ದೆ” ಎಂದೆ.

ಹೇಳಿದ್ದು ನಿಜ, ಆದರೆ ಸುಮಾರು ಎರಡು ಸೆಕೆಂಡು ತಡವಾಗಿ ಹೇಳಿದೆ. ಹಮೀದಾಕ ಅದನ್ನು ಗಮನಿಸಿರಬೇಕು. ನನಗೆ ಇನ್ನೊಂದು ಚಾ ತರಿಸಿದರು. ಆ ಎರಡು ಸೆಕೆಂಡನ್ನು ಹಿಡಿದು ವರದಿ ಮಾಡುವ ಸಾಫ್ಟ್‌ವೇರ್ ಇನ್ನೂ ಬಂದಿಲ್ಲ. ಯಾರಾದರೂ ಬರೆಯುತ್ತಿದ್ದರೆ, ಬಳಕೆದಾರನೊಬ್ಬನ ಸಲಹೆ ಎಂದುಕೊಂಡು, ದಯವಿಟ್ಟು ನಿಧಾನವಾಗಿ ಬರೆಯಿರಿ.